ಗೋಡೆ ಒಣಗಿದ ದಿನ

ಮಾರ್ಚ್ 4

ಪ್ರೀತಿಯ ಗುಬ್ಬಿ,

ಗೋಡೆಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನೊಬ್ಬಳೇ.

ನೀನು ಬರೆದಿದ್ದ ಉಪ್ಪಿನ ಉಪಾಯ ಮಾಡಿ ನೋಡಿದೆ. ಪುಟ್ಟಿಯ ಕೋಣೆಯ ಮೂಲೆಮೂಲೆಗೂ ಬಟ್ಟಲಲ್ಲಿ ಕಲ್ಲುಪ್ಪು ಇಟ್ಟೆ. ತೇವ ಹೀರಿಕೊಳ್ಳುತ್ತದೆ ಅಂದಿದ್ದೆಯಲ್ಲ, ಹೀರಿಕೊಂಡಿತು, ಸುಳ್ಳು ಹೇಳಬಾರದು. ಉಪ್ಪು ಕರಗಿ ಬಟ್ಟಲು ತುಂಬ ನೀರಾಯಿತು. ಗೋಡೆ ಮಾತ್ರ ಇದ್ದ ಹಾಗೇ ಇದೆ. ಆಮೇಲೆ ಇದ್ದಿಲಿನ ಚೂರುಗಳನ್ನು ಹಳೆಯ ಕಾಲುಚೀಲಕ್ಕೆ ತುಂಬಿ ನೇತುಹಾಕಿದೆ. ಅದು ಗಾಳಿಗೆ ಆಡಿ ಆಡಿ ಬೂಷ್ಟಿನ ಪಕ್ಕದಲ್ಲೇ ಕಪ್ಪು ಗೆರೆ ಎಳೆದಿದೆ. ಈಗ ಎರಡನ್ನೂ ಒರೆಸಬೇಕು.

ನಿನ್ನ ಅಣ್ಣ ತೀರಿಹೋದ ಮೇಲೆ ನಾನು ಹಾಸಿಗೆ ಹಿಡಿದೆ, ಮಗುವಿಗೆ ಉಬ್ಬಸ ಶುರುವಾಯಿತು, ನೀನು ಬಂದು ಕೆಲವು ದಿನ ಜೊತೆಗಿದ್ದು ಅವಳನ್ನು ನಿನ್ನೂರಿಗೆ ಕರೆದುಕೊಂಡು ಹೋದೆ. ನೀನಿಲ್ಲದಿದ್ದರೆ ನಮ್ಮಿಬ್ಬರ ಗತಿ ಏನಾಗುತ್ತಿತ್ತೋ. ಅದನ್ನು ಮರೆತವಳಲ್ಲ. ಆದರೆ ಈಗ ಎದ್ದಿದ್ದೇನೆ ಗುಬ್ಬಿ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಹಿಡಿದಿದ್ದೇನೆ. ಮೂರು ಹೊತ್ತೂ ಅಡುಗೆ ಮಾಡಿಕೊಂಡು ಉಣ್ಣುತ್ತೇನೆ. ತಲೆ ಬಾಚಿಕೊಳ್ಳುತ್ತೇನೆ. "ಗೋಡೆ ಒಣಗಿದ ದಿನ ಪುಟ್ಟಿಯನ್ನು ಕರೆತಂದು ಬಿಡುತ್ತೇನೆ" ಎಂದು ಬರೆದಿದ್ದೆಯಲ್ಲ, ಆ ಒಂದು ಮಾತಿನ ಮೇಲೆ ದಿನ ದೂಡುತ್ತಿದ್ದೇನೆ. ಬೇರೆ ಏನಾದರೂ ಉಪಾಯವಿದ್ದರೆ ಬೇಗ ಬರಿ.

ನಿನ್ನ ಅತ್ತಿಗೆ

---

ಮಾರ್ಚ್ 15

ಅತ್ತಿಗೆಗೆ ನಮಸ್ಕಾರಗಳು.

ಪುಟ್ಟಿ ಚೆನ್ನಾಗಿದ್ದಾಳೆ. ನಿನ್ನೆ ಬಾಗಿಲ ಚಿಲಕ ಎಟುಕಿತೆಂದು ಊರಿಗೆಲ್ಲ ಸಾರಿಕೊಂಡು ಬಂದಳು. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಉಬ್ಬಸ ಬಂದಿಲ್ಲ. ಒಣ ಮನೆಯ ಗುಣವೇ ಅದು, ನಮ್ಮ ಡಾಕ್ಟರೂ ಹಾಗೇ ಹೇಳುತ್ತಾರೆ.

ಉಪ್ಪು ಕೈಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಲೋಟ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಗೋಡೆಗೆ ಚಿಮುಕಿಸಿ. ಒಂದು ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬೂಷ್ಟು ಬೇರುಸಹಿತ ಹೋಗುತ್ತದಂತೆ. ನಾನು ಪತ್ರಿಕೆಯಲ್ಲಿ ಓದಿದ್ದು, ಓದುಗರೇ ಮಾಡಿ ನೋಡಿ ಬರೆದದ್ದು.

ಮೊದಲೊಮ್ಮೆ ಫೋನ್ ಮಾಡುತ್ತೇನೆ ಅಂದಿದ್ದಿರಿ. ಬೇಡ ಅತ್ತಿಗೆ. ನಿಮ್ಮ ದನಿ ಕೇಳಿದರೆ ಅಳುತ್ತಾಳೆ, ಅತ್ತರೆ ಎಲ್ಲಿ ಮತ್ತೆ ಉಬ್ಬಸ ಬಂದೀತೋ ಎಂದು ನನಗೆ ಭಯ. ಬಂದು ನೋಡಿಕೊಂಡು ಹೋಗುವುದೂ ಅಷ್ಟೇ. ನೋಡಿ ಬಿಟ್ಟು ಹೋದರೆ ಅವಳಿಗೆ ತಡೆಯಲಾಗದು. ಮನೆ ಸರಿಯಾಗಲಿ, ಒಂದೇ ಸಲ ನೋಡಿದರಾಯಿತು.

ನಿಮ್ಮ ಗುಬ್ಬಿ

---

ಏಪ್ರಿಲ್ 2

ಪ್ರೀತಿಯ ಗುಬ್ಬಿ,

ವಿನೆಗರ್ ಹೊಡೆದೆ. ಮನೆಯೆಲ್ಲ ಹುಳಿ ನಾತ. ಲಾಂಡ್ರಿಯಲ್ಲಿ ನಮ್ಮ ಮೇಲ್ವಿಚಾರಕಿಗೆ ಗಂಜಿಯಮ್ಮ ಅಂತ ಹೆಸರಿಟ್ಟಿದ್ದೇವೆ, ನಡೆಯುವಾಗ ಮೊಣಕಾಲು ಮಡಚುವುದಿಲ್ಲ. ಅವಳು ನನ್ನ ಹತ್ತಿರ ಬಂದು ಮೂಗು ಮುಚ್ಚಿಕೊಂಡು, "ಏನಮ್ಮಾ, ಉಪ್ಪಿನಕಾಯಿ ಭರಣಿಯಿಂದ ಎದ್ದು ಬಂದೆಯಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ದಿನವಿಡೀ ಊರವರ ಬಟ್ಟೆ ಒಣಗಿಸುತ್ತೇನೆ, ಮಡಚುತ್ತೇನೆ, ಒಂದು ಸುಕ್ಕು ಉಳಿಯಲು ಬಿಡುವುದಿಲ್ಲ. ನನ್ನ ಮನೆಯ ಒಂದು ಗೋಡೆ ನನ್ನ ಮಾತು ಕೇಳುತ್ತಿಲ್ಲ ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಬೂಷ್ಟು ಒಂದು ವಾರ ಮರೆಯಾಗಿತ್ತು. ಖುಷಿಯಲ್ಲಿ ಪುಟ್ಟಿಯ ಕೋಣೆಗೆ ದೀಪದ ಬುಟ್ಟಿ ಮಾಡಲು ಕೂತೆ. ಬಲೂನು ಊದಿ, ಅದಕ್ಕೆ ಅಂಟಿನಲ್ಲಿ ಅದ್ದಿದ ದಾರ ಸುತ್ತಿ, ಒಣಗಿದ ಮೇಲೆ ಬಲೂನು ಒಡೆಯಬೇಕು. ದಾರ ಉಂಡೆಯ ಹಾಗೆ ನಿಲ್ಲುತ್ತದೆ, ಒಳಗೆ ಬಲ್ಬು ಹಾಕಿದರೆ ಗೋಡೆ ತುಂಬ ಬಲೆಯ ನೆರಳು. ಆ ಕೋಣೆಯಲ್ಲಿ ಅಂಟು ಒಣಗಿದರೆ ತಾನೆ! ಬಲೂನು ಒಡೆದ ಕೂಡಲೇ ಎಲ್ಲ ಕುಸಿದು ಒದ್ದೆ ದಾರದ ಮುದ್ದೆಯಾಗಿ ಕೈಯಲ್ಲಿ ಉಳಿಯಿತು. ಆ ಮುದ್ದೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮರುದಿನ ನೋಡಿದರೆ ಬೂಷ್ಟು ಮತ್ತೆ ಬಂದಿತ್ತು.

ನಿನ್ನ ಅಣ್ಣನ ಉಣ್ಣೆಯ ಕಾಲುಚೀಲದಲ್ಲಿ ಒಂದು ಮೊಲ ಹೊಲಿದು ಕಳಿಸುತ್ತಿದ್ದೇನೆ. ಒಂದು ಕಿವಿ ಉದ್ದವಾಗಿದೆ. ಬೇಕೆಂದೇ ಹಾಗೆ ಮಾಡಿದ್ದು ಎಂದು ಹೇಳು.

ಅತ್ತಿಗೆ

---

ಏಪ್ರಿಲ್ 14

ಅತ್ತಿಗೆಗೆ ನಮಸ್ಕಾರಗಳು.

ಮೊಲ ತಲುಪಿತು. ಪುಟ್ಟಿಗೆ ಬಹಳ ಇಷ್ಟವಾಯಿತು. ಉಣ್ಣೆಯ ಧೂಳು ಆಗಬಾರದೆಂದು ಸದ್ಯಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀರುವಿನ ಮೇಲೆ ಇಟ್ಟಿದ್ದೇನೆ. ಕೆಳಗಿನಿಂದ ನೋಡಿ ಮಾತಾಡಿಸುತ್ತಾಳೆ.

ವಿನೆಗರ್‌ಗೆ ಬಗ್ಗದಿದ್ದರೆ ಬ್ಲೀಚಿಂಗ್ ಪೌಡರ್ ನೋಡಿ. ನೀರಿನಲ್ಲಿ ಕಲಸಿ ತೆಳ್ಳಗೆ ಬಳಿಯಬೇಕು. ನಮ್ಮ ಪಕ್ಕದ ಮನೆಯವರ ಬಚ್ಚಲು ಅದರಿಂದಲೇ ಬೆಳ್ಳಗಾಯಿತು. ತಾಳ್ಮೆ ಬೇಕು ಅತ್ತಿಗೆ. ಅವಸರ ಮಾಡಿ ಮಗುವನ್ನು ಕರೆತಂದು ಮತ್ತೆ ಆಸ್ಪತ್ರೆಗೆ ಓಡುವ ಹಾಗಾಗಬಾರದಲ್ಲ.

ಗುಬ್ಬಿ

---

ಮೇ 1

ಗುಬ್ಬಿ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಎರಡು ಉಪಾಯವನ್ನೂ ಒಟ್ಟಿಗೇ ಮಾಡಿಬಿಟ್ಟೆ. ಒಂದೊಂದರಿಂದ ಅರ್ಧ ಹೋದರೆ ಎರಡೂ ಸೇರಿ ಪೂರ್ತಿ ಹೋದೀತು ಎಂದು ನನ್ನ ಲೆಕ್ಕ. ಬ್ಲೀಚಿಂಗ್ ಪೌಡರ್ ಬಳಿದ ಗೋಡೆಯ ಮೇಲೇ ವಿನೆಗರ್ ಹೊಡೆದೆ, ಕಿಟಕಿ ಬೇರೆ ಹಾಕಿದ್ದೆ. ಸುಯ್ ಅಂತ ಸದ್ದು ಬಂತು. ಆಮೇಲೆ ಗಂಟಲಿಗೆ ಯಾರೋ ಕೈಹಾಕಿದ ಹಾಗಾಯಿತು. ಉಸಿರು ಒಳಗೆ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ, ಕಣ್ಣು ಕಾಣುತ್ತಿಲ್ಲ. ಗೋಡೆ ಹಿಡಿದುಕೊಂಡೇ ಬಾಗಿಲವರೆಗೆ ತೆವಳಿದೆ. ಮೇಲಿನ ಮನೆಯ ಸಂಗೀತ ಮೇಷ್ಟರು ಶಬ್ದ ಕೇಳಿ ಓಡಿಬಂದು ಹೊರಗೆಳೆದು ಹಾಕಿದರು. ಆಸ್ಪತ್ರೆಯಲ್ಲಿ ನರ್ಸ್ ಚೆನ್ನಾಗಿ ಬೈದಳು. "ಅವೆರಡು ಸೇರಿದ್ರೆ ವಿಷದ ಗಾಳಿ ಕಣ್ರೀ! ಗೋಡೆ ತೊಳೀತಿದ್ರಾ, ಪ್ರಾಣ ತೆಕ್ಕೊಳ್ತಿದ್ರಾ?" ಎಂದು ಕೇಳಿದಳು. ಗೋಡೆಯನ್ನೇ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಮೂಗುಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಾಗ ಒಂದೇ ಯೋಚನೆ. ನನ್ನ ಮಗುವಿಗೆ ಹೀಗಾಗುತ್ತಿತ್ತು. ಹೀಗಾಗುವಾಗ ನಾನು ಪಕ್ಕದ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದೆ. ಎದ್ದು ಹೋಗಿ ಅವಳ ಬೆನ್ನು ನೀವಿದವಳು ನೀನು. ಇನ್ನೊಂದು ಸಲ ಹಾಗೆ ಮಲಗುವುದಿಲ್ಲ. ಅವಳನ್ನು ಕಳಿಸಿಕೊಡು, ನಿನ್ನ ಕಾಲಿಗೆ ಬೀಳುತ್ತೇನೆ.

ಅತ್ತಿಗೆ

---

ಮೇ 9

ಅತ್ತಿಗೆ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಎರಡನ್ನೂ ಬೆರೆಸಿ ಎಂದು ನಾನು ಬರೆದಿದ್ದೆನೇ? ಇನ್ನು ಮೇಲೆ ಏನೂ ಮಾಡಬೇಡಿ, ಗೋಡೆಯ ಹತ್ತಿರವೂ ಹೋಗಬೇಡಿ. ಎಳನೀರೋ ತೆಳ್ಳನೆಯ ಮಜ್ಜಿಗೆಯೋ ಕುಡಿದು ಗಂಟಲು ತಣಿಸಿಕೊಳ್ಳಿ. ಜೇನುತುಪ್ಪ ನೆಕ್ಕಿದರೂ ಒಳ್ಳೆಯದು.

ಪುಟ್ಟಿಗೆ ಇದನ್ನು ಹೇಳಿಲ್ಲ. ಕಾಲಿಗೆ ಬೀಳುವ ಮಾತೆಲ್ಲ ಬರೆಯಬೇಡಿ, ದೊಡ್ಡವರು ನೀವು.

ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಮನೆ ಹೀಗಿರುವಾಗ ಈ ವರ್ಷಕ್ಕೆ ಅವಳನ್ನು ಇಲ್ಲೇ ಸೇರಿಸುವುದು ವಾಸಿ ಎಂದು ಇವರೂ ಹೇಳುತ್ತಿದ್ದಾರೆ. ನಮ್ಮ ಬೀದಿಯ ತುದಿಯಲ್ಲೇ ಶಾಲೆ. ನೀವು ಹೂಂ ಅಂದರೆ ಹೆಸರು ಬರೆಸುತ್ತೇವೆ.

ಗುಬ್ಬಿ

---

ಮೇ 15

ಗುಬ್ಬಿ,

ನಾನು ಹೂಂ ಅನ್ನುವುದಿಲ್ಲ. ಹೆಸರು ಬರೆಸಬೇಡ. ಒಂದು ವರ್ಷ ಅಲ್ಲಿ ಓದಿದರೆ ಗೆಳತಿಯರಾಗುತ್ತಾರೆ, ಟೀಚರು ಹಚ್ಚಿಕೊಳ್ಳುತ್ತಾರೆ, ಆಮೇಲೆ ಅವಳಿಗೆ ಈ ಮನೆ ನೆಂಟರ ಮನೆಯಾಗುತ್ತದೆ. ನಾನು ನೆಂಟಳಾಗುತ್ತೇನೆ.

ಗೋಡೆ ಒಣಗಿದೆ. ಸಾಕ್ಷಿಗೆ ಗೋಡೆಯಿಂದಲೇ ಎಬ್ಬಿಸಿದ ಒಂದು ಚಕ್ಕೆ ಗಾರೆಯನ್ನು ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೇನೆ. ಮುಟ್ಟಿ ನೋಡು. ಮುರಿದು ನೋಡು. ಒಳಗೂ ಒಣಗಿದೆ.

ಅತ್ತಿಗೆ

---

ಮೇ 16

ಗುಬ್ಬಿ,

ನಿನ್ನೆಯ ಪತ್ರ ಅಂಚೆಗೆ ಬಿದ್ದ ಮೇಲೆ ಊಟ ಸೇರಲಿಲ್ಲ. ಅದು ಸುಳ್ಳು. ಆ ಚಕ್ಕೆಯನ್ನು ಲಾಂಡ್ರಿಗೆ ತೆಗೆದುಕೊಂಡು ಹೋಗಿ ಇಸ್ತ್ರಿ ಪೆಟ್ಟಿಗೆಯ ಕೆಳಗಿಟ್ಟು ಒಣಗಿಸಿದ್ದು. ಗಂಜಿಯಮ್ಮ ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾಳೆ.

ನಿಜ ಹೇಳುತ್ತೇನೆ ಕೇಳು. ಈ ಗೋಡೆ ಯಾವ ಉಪಾಯಕ್ಕೂ ಒಣಗುವುದಲ್ಲ. ಮೇಷ್ಟರು ಬೆಳಿಗ್ಗೆ ಹಾಡಿಕೊಂಡು ಸ್ನಾನ ಮಾಡುತ್ತಾರೆ. ಅವರ ಹಾಡು ಮುಗಿದು ಸ್ವಲ್ಪ ಹೊತ್ತಿಗೆ ಪುಟ್ಟಿಯ ಗೋಡೆ ಒಸರಲು ಶುರು. ಅವರು ಊರಿಗೆ ಹೋದ ವಾರ ಗೋಡೆ ಗರಿಗರಿಯಾಗಿತ್ತು, ನಾನು ವಿನೆಗರ್‌ನ ಗುಣ ಅಂದುಕೊಂಡಿದ್ದೆ. ಅವರ ಬಚ್ಚಲ ಕೊಳವೆ ಒಡೆದಿದೆ. ಮನೆಯ ಮಾಲೀಕರನ್ನು ಕೇಳಿದರೆ, "ನೆಲ ಅಗೆಸೋ ಮಾತೇ ಇಲ್ಲ, ಬೇಕಾದ್ರೆ ಇರಿ, ಬ್ಯಾಡಾಂದ್ರೆ ಬಿಡಿ" ಅಂದರು. ಬೇರೆ ಮನೆ ಹುಡುಕುತ್ತಿದ್ದೇನೆ. ಒಂಟಿ ಹೆಂಗಸು ಎಂದ ಕೂಡಲೇ ಬಾಗಿಲು ಹಾಕುತ್ತಾರೆ.

ಸೋಡಾ, ನಿಂಬೆಹಣ್ಣು, ಉಪ್ಪು, ಏನು ಬಳಿದರೇನು ಬಂತು? ಇನ್ನು ಉಪಾಯ ಬರೆಯಬೇಡ. ಪುಟ್ಟಿಯನ್ನು ಕಳಿಸು.

ಅತ್ತಿಗೆ

---

ಮೇ 30

ಅತ್ತಿಗೆಗೆ ನಮಸ್ಕಾರಗಳು.

ಮೊದಲು ಡಬ್ಬಿ ಬಂತು, ನಿಮ್ಮ ಪತ್ರಗಳು ಎರಡು ದಿನ ತಡವಾಗಿ ಬಂದವು. ಚಕ್ಕೆ ದಾರಿಯಲ್ಲೇ ಪುಡಿಯಾಗಿತ್ತು. ನೀವು ಏನಾದರೊಂದು ಮನೆಯಲ್ಲೇ ತಯಾರಿಸಿ ಕಳಿಸುತ್ತಿರುತ್ತೀರಲ್ಲ, ಇವರು ಹಲ್ಲುಪುಡಿ ಎಂದುಕೊಂಡು ಉಜ್ಜಿಬಿಟ್ಟರು. "ನಿನ್ನ ಅತ್ತಿಗೆಯ ಕೈಗುಣ ಪರವಾಗಿಲ್ಲ, ಸ್ವಲ್ಪ ಮಣ್ಣು ಮಣ್ಣು" ಅಂದರು. ಪುಟ್ಟಿ ನಕ್ಕೂ ನಕ್ಕೂ ಸುಸ್ತಾದಳು.

ಕೊಳವೆಯ ವಿಷಯ ಓದಿದೆ. ಗೋಡೆಗೆ ಅಡುಗೆ ಸೋಡಾ ಮತ್ತು ಸುಣ್ಣ ಕಲಸಿ ಬಳಿದರೆ ಒಸರು ನಿಲ್ಲುತ್ತದೆಂದು ಒಬ್ಬರು ಹೇಳಿದರು. ಮಾಡಿ ನೋಡಬಹುದು.

ಶಾಲೆಯವರು ತಡ ಮಾಡಿದರೆ ಜಾಗ ಸಿಗುವುದಿಲ್ಲ ಎಂದರು. ಹೆಸರು ಬರೆಸಿದ್ದೇವೆ. ಸಿಟ್ಟಾಗಬೇಡಿ. ಒಂದು ವರ್ಷ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ.

ಗುಬ್ಬಿ

---

ಜೂನ್ 8

ಗುಬ್ಬಿ,

ಸಿಟ್ಟು ಬಂತು. ನಿನ್ನ ಪತ್ರವನ್ನು ಹರಿದು, ಮತ್ತೆ ಅಂಟಿಸಿದೆ. ಪುಟ್ಟಿ ನಕ್ಕಳು ಎಂದು ಬರೆದಿದ್ದೆಯಲ್ಲ, ಅದು ಬೇಕಿತ್ತು.

ಈಗ ಕೇಳು. ನಮ್ಮ ಅಡುಗೆಮನೆಯ ಮೇಲೆ ಮೇಷ್ಟರ ಬಚ್ಚಲಿಲ್ಲ. ಅಲ್ಲಿ ಒಂದು ಹನಿ ತೇವವಿಲ್ಲ. ಒಲೆ, ಪಾತ್ರೆಗಳನ್ನೆಲ್ಲ ಪುಟ್ಟಿಯ ಹಳೆಯ ಕೋಣೆಗೆ ಸಾಗಿಸಿದ್ದೇನೆ. ಕಪಾಟಿನ ಹಲಗೆ ತೆಗೆದು ಮಂಚ ಮಾಡಿದ್ದೇನೆ, ನಾನೇ ಮೊಳೆ ಹೊಡೆದದ್ದು, ಹತ್ತಿ ಕುಣಿದು ನೋಡಿದೆ, ಮುರಿಯಲಿಲ್ಲ. ಹಳೆಯ ಹೊದಿಕೆ ಕತ್ತರಿಸಿ ಪರದೆ ಹೊಲಿದಿದ್ದೇನೆ. ಒದ್ದೆ ಗೋಡೆಯ ಪಕ್ಕ ನಾನು ಅಡುಗೆ ಮಾಡಿಕೊಳ್ಳುತ್ತೇನೆ, ಒಣಗಿದ ಕೋಣೆಯಲ್ಲಿ ಅವಳು ಮಲಗುತ್ತಾಳೆ. ಇನ್ನೇನು ಕೊರತೆ ಹೇಳು?

ಒಂದೇ ಒಂದು ವಿಷಯ ನನಗೆ ಗೊತ್ತಿಲ್ಲ. ಅವಳಿಗೆ ಉಬ್ಬಸ ಬಂದಾಗ ಏನೇನು ಮಾಡಬೇಕು? ಆಗ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಎಲ್ಲ ವಿವರವಾಗಿ ಬರಿ. ಬಾಯಿಪಾಠ ಮಾಡುತ್ತೇನೆ.

ಅತ್ತಿಗೆ

---

ಜೂನ್ 18

ಅತ್ತಿಗೆಗೆ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇದರಲ್ಲಿ ಮಾತ್ರ ನಾನು ಪತ್ರಿಕೆ ನೋಡಬೇಕಿಲ್ಲ.

ಒಂದು ದಿಂಬು ಸಾಲದು, ಎರಡು ಇಡಿ. ದಿಂಬಿನ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಬೇಕು. ಶುರುವಾಗುವ ಮೊದಲು ಅವಳು ಗಲ್ಲ ಕೆರೆದುಕೊಳ್ಳುತ್ತಾಳೆ, ಅದೇ ಗುರುತು. ಕೂಡಲೇ ಎಬ್ಬಿಸಿ ಕೂರಿಸಬೇಕು, ಮಲಗಿಸಬಾರದು. ಇನ್ಹೇಲರ್ ಕೊಟ್ಟು ನನ್ನ ಎದೆಗೆ ಅವಳ ಬೆನ್ನು ಒರಗಿಸಿಕೊಂಡು ಕೂರುತ್ತೇನೆ. ನಾನು ನಿಧಾನಕ್ಕೆ ಉಸಿರು ಬಿಟ್ಟರೆ ಅವಳೂ ನನ್ನ ಜೊತೆ ಹಾಗೇ ಬಿಡುತ್ತಾಳೆ. "ಮೇಣದಬತ್ತಿ ಆರಿಸು" ಅಂತ ಹೇಳುತ್ತೇನೆ, ಊದಿದ ಹಾಗೆ ಮಾಡುತ್ತಾಳೆ. ದೀಪ ಆರಿಸಬೇಡಿ. ಈಚೆಗೆ ಕತ್ತಲಿದ್ದರೆ ಹೆದರಿಕೊಂಡು ಇನ್ನೂ ಜಾಸ್ತಿಯಾಗುತ್ತದೆ. ಆಮೇಲೆ ಒಂದು ಗುಟುಕು ಬಿಸಿನೀರು.

ಇಷ್ಟೆಲ್ಲ ಒಬ್ಬರೇ ಮಾಡುವುದು ಕಷ್ಟ ಅತ್ತಿಗೆ. ಯೋಚಿಸಿ.

ಗುಬ್ಬಿ

---

ಜೂನ್ 25

ಗುಬ್ಬಿ,

ನಿನ್ನ ಪತ್ರವನ್ನು ಬಾಯಿಪಾಠ ಮಾಡಲು ಗಟ್ಟಿಯಾಗಿ ಓದುತ್ತಿದ್ದೆ. ಓದುತ್ತ ಓದುತ್ತ ನಾಲಗೆ ನಿಂತಿತು.

"ಕೂರುತ್ತೇನೆ" ಎಂದು ಬರೆದಿದ್ದೀಯ. "ಕೂರುತ್ತಿದ್ದೆ" ಎಂದಲ್ಲ. "ಹೇಳುತ್ತೇನೆ" ಎಂದು ಬರೆದಿದ್ದೀಯ. ಅವಸರದಲ್ಲಿ ಬರೆದಿರಬೇಕು ಎಂದು ನಿನ್ನ ಪರವಾಗಿ ನಾನೇ ವಾದಿಸಿಕೊಂಡೆ. ಆದರೆ "ಈಚೆಗೆ" ಅಂದರೆ ಏನು ಗುಬ್ಬಿ? ಅಲ್ಲಿಗೆ ಹೋದ ಮೇಲೆ ಒಂದು ದಿನವೂ ಬಂದಿಲ್ಲ ಅಂದೆಯಲ್ಲ, ಬಾರದ ಉಬ್ಬಸಕ್ಕೆ ಈಚೆಗೆ ಯಾರು ಕತ್ತಲಲ್ಲಿ ಹೆದರುತ್ತಾರೆ?

ನಿನ್ನ ಮನೆಯಲ್ಲೂ ಬರುತ್ತಿದೆ. ಬರುತ್ತಲೇ ಇತ್ತು. ಒಣಗಿದ ಮನೆಯಲ್ಲಿ, ಒಣಗಿದ ಗೋಡೆಯ ಪಕ್ಕದಲ್ಲಿ. ಹಾಗಾದರೆ ನಾನು ಉಪ್ಪು ಇಟ್ಟದ್ದು ಯಾತಕ್ಕೆ? ವಿಷದ ಗಾಳಿ ಕುಡಿದದ್ದು ಯಾತಕ್ಕೆ? ನನ್ನನ್ನು ಗೋಡೆ ಕಾಯಲು ಹಚ್ಚಿ ನೀನು ನನ್ನ ಮಗಳನ್ನು ಇಟ್ಟುಕೊಂಡೆ. ನಿನ್ನ ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದರು? ಮುಖ ಎಲ್ಲಿಟ್ಟುಕೊಳ್ಳುತ್ತಿದ್ದೆ?

ಸಹಿ ಹಾಕಲು ಮನಸ್ಸಿಲ್ಲ.

---

ಜುಲೈ 10

ಗುಬ್ಬಿ,

ಉತ್ತರವಿಲ್ಲ. ಫೋನ್ ಎತ್ತುತ್ತಿಲ್ಲ. ರಜೆ ಕೇಳಿದ್ದಕ್ಕೆ ಗಂಜಿಯಮ್ಮ, "ಹೋದ್ರೆ ಹೋಗು, ವಾಪಸ್ ಬರ್ಬೇಡ" ಅಂದಿದ್ದಾಳೆ. ಕೆಲಸ ಬಿಟ್ಟು ಬಂದರೆ, ದುಡಿಮೆಯಿಲ್ಲದವಳಿಗೆ ಮಗುವನ್ನು ಹೇಗೆ ಕೊಡುವುದು ಎಂದು ನೀನು ಕೇಳಬಹುದು. ಬಾರದಿದ್ದರೆ ತಾಯಿಗೇ ಬೇಡವಾಗಿತ್ತು ಅನ್ನಬಹುದು. ಯಾವ ಕಡೆ ಕಾಲಿಟ್ಟರೂ ನೆಲವಿಲ್ಲ.

ಬೈದದ್ದೆಲ್ಲ ವಾಪಸ್ ತೆಗೆದುಕೊಂಡೆ. ಮುಖ ಎಲ್ಲಿಟ್ಟುಕೊಳ್ಳುತ್ತೀ ಎಂದದ್ದೂ ವಾಪಸ್. ಅವಳು ಹೇಗಿದ್ದಾಳೆ ಎಂದು ಒಂದು ಸಾಲು ಬರಿ. ಅಷ್ಟು ಸಾಕು. ಅವಳನ್ನು ಕಳಿಸು ಎಂದು ಕೂಡ ಈ ಪತ್ರದಲ್ಲಿ ಕೇಳುತ್ತಿಲ್ಲ.

ನಿನ್ನ ಅತ್ತಿಗೆ

---

ಜುಲೈ 19

ಅತ್ತಿಗೆ,

ಮೊದಲು ಇದನ್ನು ಓದಿ: ಪುಟ್ಟಿ ಈಗ ಹುಷಾರಾಗಿದ್ದಾಳೆ. ಆಸ್ಪತ್ರೆಯಲ್ಲಿದ್ದಾಳೆ, ಆದರೆ ಹುಷಾರಾಗಿದ್ದಾಳೆ. ಬೆಳಿಗ್ಗೆ ಬ್ರೆಡ್ಡು ತಿಂದಳು.

ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ಇವರ ಕೈಯಲ್ಲೇ ಕಳಿಸಿದ್ದೇನೆ.

ನೀವು ಓದಿಕೊಂಡದ್ದು ಸರಿ. ಇಲ್ಲಿಗೆ ಬಂದ ಮೊದಲ ವಾರವೇ ಬಂದಿತ್ತು. ಆಗಲೇ ಬರೆಯಬೇಕಿತ್ತು. ನಿಮಗೆ ಗಾಬರಿಯಾಗುತ್ತದೆ ಎಂದು ಮೊದಲ ಸಲ ಬರೆಯಲಿಲ್ಲ, ಅದು ನಿಜ. ಆಮೇಲಾಮೇಲೆ ಯಾಕೆ ಬರೆಯಲಿಲ್ಲ ಎಂಬುದು ನಿಮಗೂ ಗೊತ್ತು. ಈ ಮನೆಯಲ್ಲಿ ಮಗುವಿನ ಸದ್ದಿಗೆ ನಾವು ಎಷ್ಟು ವರ್ಷ ಕಾದೆವು ಎಂದು ನಿಮಗೆ ಹೇಳಬೇಕಿಲ್ಲ. ಪ್ರತಿ ಉಪಾಯ ಬರೆದು ಕಳಿಸಿದ ಮೇಲೂ ಇದು ಫಲಿಸದಿರಲಿ ಎಂದುಕೊಳ್ಳುತ್ತಿದ್ದೆ. ನೀವು ವಿಷದ ಗಾಳಿ ಕುಡಿದು ಬಿದ್ದ ದಿನವೂ ನಾನು ನಿಜ ಬರೆಯಲಿಲ್ಲ. ಅದಕ್ಕೆ ನೀವು ಏನು ಬೇಕಾದರೂ ಅನ್ನಿ.

ಮೊನ್ನೆ ಶಾಲೆಯಿಂದ ಬಂದವಳು ಗಲ್ಲ ಕೆರೆದುಕೊಳ್ಳುತ್ತಿದ್ದಳು. ಎಂದಿನ ಹಾಗೆ ಕೂರಿಸಿದೆ, ಇನ್ಹೇಲರ್ ಕೊಟ್ಟೆ, ಎದೆಗೆ ಒರಗಿಸಿಕೊಂಡೆ. ಯಾವುದೂ ನಡೆಯಲಿಲ್ಲ. ತುಟಿ ನೀಲಿಯಾಯಿತು. ಇವರು ಆಟೋ ತರಲು ಓಡಿದರು. ಆಗ ಅವಳು "ಅಮ್ಮಾ" ಅಂದಳು. ನಾನು "ಇಲ್ಲೇ ಇದ್ದೀನಿ ಕಂದ, ಇಲ್ಲೇ ಇದ್ದೀನಿ" ಅಂದೆ. ಅವಳು ಕಷ್ಟಪಟ್ಟು ತಿರುಗಿ ನನ್ನ ಮುಖ ನೋಡಿದಳು. ಒಂದು ಮಾತಿಗೂ ಉಸಿರಿಲ್ಲದ ಮಗು ಅತ್ತಿಗೆ. ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, ನನಗೆ ಬೇಜಾರಾಗಬಾರದು ಎನ್ನುವ ಹಾಗೆ ಮೆಲ್ಲಗೆ, "ನೀವಲ್ಲ ಅತ್ತೆ" ಅಂದಳು.

ಇವರ ಹತ್ತಿರ ನಿಮ್ಮ ಟಿಕೆಟ್ಟೂ ಇದೆ. ಓದಿ ಮುಗಿಸಿ ಹೊರಟು ಬನ್ನಿ.

ಪುಟ್ಟಿಯ ಅತ್ತೆ